ಐವಿಎಫ್ ಬಳಿಕ ಅವಳಿ, ತ್ರಿವಳಿ: ಕೊಡಗಿನ ಕುಟುಂಬಗಳು ಹೆರಿಗೆಗೆ ಮುನ್ನ ಮತ್ತು ನಂತರ ಮಾಡಬೇಕಾದದ್ದು

ಐವಿಎಫ್ (ದೇಹದ ಹೊರಗೆ ಭ್ರೂಣ ರೂಪಿಸಿ ಗರ್ಭಕೋಶದೊಳಗೆ ಇಡುವುದು), ಐಯುಐ (ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವುದು) ಅಥವಾ ಅಂಡೋತ್ಪತ್ತಿಯ ಮಾತ್ರೆ, ಚುಚ್ಚುಮದ್ದುಗಳ ನೆರವಿನಿಂದ ಗರ್ಭ ನಿಂತು, ಸ್ಕ್ಯಾನಿಂಗಿನಲ್ಲಿ ಎರಡೋ ಮೂರೋ ಹೃದಯ ಬಡಿತಗಳು ಕಂಡಾಗ, ಸಂತೋಷದ ಜೊತೆಗೆ ಮನೆಯ ಹಿರಿಯರಲ್ಲಿ ಮೊದಲು ಏಳುವ ಶಂಕೆ ಒಂದೇ: ಪ್ರಯೋಗಾಲಯದ ನೆರವಿನಿಂದ ಆದ ಮಕ್ಕಳು ಆರೋಗ್ಯವಾಗಿರುತ್ತಾರೆಯೇ? ಇಂಥ ಚಿಕಿತ್ಸೆಯಿಂದ ಹುಟ್ಟಿದ ಮಕ್ಕಳಲ್ಲಿ ಬಹುಪಾಲು ಮಂದಿ ಆರೋಗ್ಯವಾಗಿಯೇ ಬೆಳೆಯುತ್ತಾರೆ. ಹೃದಯದ ದೋಷದಂಥ ಕೆಲವು ಜನ್ಮಜಾತ ತೊಂದರೆಗಳು ಇವರಲ್ಲಿ ಸ್ವಲ್ಪ ಹೆಚ್ಚು ಕಂಡುಬರುವುದು ನಿಜವಾದ್ದರಿಂದ, 18ರಿಂದ 24 ವಾರಗಳ ನಡುವೆ ಶಿಶುಗಳ ಹೃದಯದ ಸ್ಕ್ಯಾನ್ ಮಾಡಿಸುವುದು ಒಳಿತು. ಆದರೆ ದೊಡ್ಡ ಅಪಾಯ ಬರುವುದು ಪ್ರಯೋಗಾಲಯದಿಂದಲ್ಲ, ಒಂದೇ ಗರ್ಭದಲ್ಲಿ ಒಂದಕ್ಕಿಂತ ಹೆಚ್ಚು ಶಿಶುಗಳಿರುವುದರಿಂದ ಮತ್ತು ಅವು ದಿನ ತುಂಬುವ ಮೊದಲೇ ಹುಟ್ಟುವುದರಿಂದ. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು 37 ವಾರಗಳಿಗೆ ಮುನ್ನ ಹುಟ್ಟುತ್ತವೆ. ತ್ರಿವಳಿಗಳಂತೂ ಬಹುತೇಕ ಎಲ್ಲವೂ ಬೇಗ ಹುಟ್ಟುವಂಥವು, ಸರಾಸರಿ 32-33 ವಾರಗಳ ಆಸುಪಾಸಿನಲ್ಲಿ. ಆದ್ದರಿಂದ ಕೊಡಗಿನಂಥ ಬೆಟ್ಟದ ಜಿಲ್ಲೆಯಲ್ಲಿರುವ ಕುಟುಂಬ ಮುಖ್ಯವಾಗಿ ಯೋಚಿಸಬೇಕಾದದ್ದು ಚಿಕಿತ್ಸೆ ಎಲ್ಲಿ ಆಯಿತು ಎಂಬುದನ್ನಲ್ಲ, ಮಕ್ಕಳು ಎಲ್ಲಿ ಹುಟ್ಟಬೇಕು ಎಂಬುದನ್ನು. ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಅದರ ಸುತ್ತಲೇ ಇದೆ.

ಮೊದಲ ಹೆಜ್ಜೆ: ದಿನದ ಲೆಕ್ಕವನ್ನು ಸರಿಯಾಗಿ ಬರೆಸಿಕೊಳ್ಳಿ

ಐವಿಎಫ್ ಗರ್ಭಕ್ಕೆ ಒಂದು ಅನುಕೂಲವಿದೆ: ದಿನದ ಲೆಕ್ಕ ಇಲ್ಲಿ ಅಂದಾಜಿನದಲ್ಲ. ಐದು ದಿನದ ಭ್ರೂಣವನ್ನು ವರ್ಗಾಯಿಸಿದ್ದರೆ ಆ ದಿನಕ್ಕೆ 261 ದಿನಗಳನ್ನು, ಮೂರು ದಿನದ ಭ್ರೂಣವಾದರೆ 263 ದಿನಗಳನ್ನು ಕೂಡಿಸಿದರೆ ದಿನ ತುಂಬುವ ತಾರೀಕು ಸಿಗುತ್ತದೆ. ಚಿಕಿತ್ಸೆ ಮೈಸೂರಿನಲ್ಲೋ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಆಗಿ, ತಿಂಗಳ ತಪಾಸಣೆ ಊರಿನಲ್ಲಿ ನಡೆಯುವಾಗ ಈ ಮಾಹಿತಿ ದಾರಿಯಲ್ಲೇ ಕಳೆದುಹೋಗುತ್ತದೆ; ಸ್ಥಳೀಯ ಆಸ್ಪತ್ರೆಯಲ್ಲಿ ಕೊನೆಯ ಮುಟ್ಟಿನ ದಿನವನ್ನು ಕೇಳಿ ಬೇರೆಯೇ ಲೆಕ್ಕ ಬರೆದುಬಿಡುತ್ತಾರೆ. ಭ್ರೂಣ ವರ್ಗಾವಣೆಯ ದಿನಾಂಕ, ಭ್ರೂಣದ ವಯಸ್ಸು ಮತ್ತು ವರ್ಗಾಯಿಸಿದ ಭ್ರೂಣಗಳ ಸಂಖ್ಯೆ, ಈ ಮೂರನ್ನೂ ತಾಯಿ ಕಾರ್ಡಿನಲ್ಲಿ ಬರೆಸಿರಿ. ಹೆರಿಗೆ ಬೇಗ ಶುರುವಾದರೆ ಆಗ 33 ವಾರವೋ 35 ವಾರವೋ ಎಂಬುದರ ಮೇಲೆ ಯಾವ ಮದ್ದು ಕೊಡಬೇಕು, ಎಲ್ಲಿಗೆ ಕಳುಹಿಸಬೇಕು ಎಂಬ ತೀರ್ಮಾನ ನಿಂತಿರುತ್ತದೆ.

ಎರಡನೆಯ ಹೆಜ್ಜೆ: ಮಾಸು ಒಂದೋ, ಎರಡೋ?

11ರಿಂದ 14 ವಾರಗಳ ನಡುವಿನ ಸ್ಕ್ಯಾನಿಂಗ್ ತಪ್ಪಿಸಬಾರದು. ಶಿಶುಗಳು ಒಂದೇ ಮಾಸನ್ನು (ಪ್ಲಾಸೆಂಟಾ) ಹಂಚಿಕೊಂಡಿವೆಯೇ ಅಥವಾ ಪ್ರತಿಯೊಂದಕ್ಕೂ ಬೇರೆ ಬೇರೆ ಇದೆಯೇ ಎಂಬುದು ಆ ಅವಧಿಯಲ್ಲಿ ಸ್ಪಷ್ಟವಾಗಿ ಕಾಣುವಷ್ಟು ಆಮೇಲೆ ಕಾಣುವುದಿಲ್ಲ. ಒಂದೇ ಭ್ರೂಣ ಇಟ್ಟಿದ್ದಾರೆ, ಹಾಗಾಗಿ ಈ ಪ್ರಶ್ನೆ ಏಳದು ಎಂದು ಭಾವಿಸಬೇಡಿ. ಇಟ್ಟ ಒಂದು ಭ್ರೂಣವೇ ಒಡೆದು ಎರಡಾಗುವುದುಂಟು, ಹಾಗೆ ಆದ ಅವಳಿಗಳೇ ಹೆಚ್ಚಾಗಿ ಮಾಸನ್ನು ಹಂಚಿಕೊಳ್ಳುತ್ತವೆ. ಹೀಗೆ ಹಂಚಿಕೊಂಡವುಗಳಲ್ಲಿ ಸುಮಾರು ನೂರಕ್ಕೆ ಹತ್ತರಿಂದ ಹದಿನೈದು ಗರ್ಭಗಳಲ್ಲಿ ಒಂದು ಶಿಶುವಿನ ರಕ್ತ ಇನ್ನೊಂದಕ್ಕೆ ಹರಿಯುವ ಗಂಭೀರ ತೊಂದರೆ ತಲೆದೋರಬಹುದಾದ್ದರಿಂದ, 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನಿಂಗ್ ಬೇಕು. ಬೇರೆ ಬೇರೆ ಮಾಸು ಇದ್ದರೆ ಸಾಮಾನ್ಯವಾಗಿ ನಾಲ್ಕು ವಾರಕ್ಕೊಮ್ಮೆ ಸಾಕು.

ತ್ರಿವಳಿಯಾದರೆ ಇದೇ ಹೊತ್ತಿನಲ್ಲಿ ಭ್ರೂಣವೈದ್ಯ ತಜ್ಞರನ್ನು ಒಮ್ಮೆ ಕಾಣಬೇಕು. ಭ್ರೂಣಗಳ ಸಂಖ್ಯೆಯನ್ನು ತಗ್ಗಿಸುವ ಆಯ್ಕೆಯನ್ನು ಅವರು ಮುಂದಿಡಬಹುದು. ಅದು ದಂಪತಿಗಳೇ ತೀರ್ಮಾನಿಸಬೇಕಾದ ವಿಷಯ. ಒಪ್ಪುವುದಾಗಲಿ ಬಿಡುವುದಾಗಲಿ, ಪೂರ್ಣ ವಿವರ ತಿಳಿದು ಮಾಡಿದ್ದಾಗಿರಲಿ, ನೆಂಟರ ಒತ್ತಾಯದಿಂದಲ್ಲ.

ಮೂರನೆಯ ಹೆಜ್ಜೆ: ಹೆರಿಗೆಯ ಜಾಗವನ್ನು 28 ವಾರಗಳೊಳಗೆ ನಿರ್ಧರಿಸಿ

ಅವಳಿ ಗರ್ಭಿಣಿಯನ್ನು ನೋಡಿಕೊಳ್ಳುವ ಆಸ್ಪತ್ರೆ ಎಂದರೆ ಸಿಸೇರಿಯನ್ ಮಾಡುವ ಸೌಲಭ್ಯವಿರುವ ಆಸ್ಪತ್ರೆ ಎಂದಷ್ಟೇ ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಅದು ಅರ್ಧ ಮಾತ್ರ ಸರಿ. ಹುಟ್ಟಿದ ಕೂಡಲೇ ಎರಡು ಅಥವಾ ಮೂರು ಸಣ್ಣ ಶಿಶುಗಳಿಗೆ ಏಕಕಾಲದಲ್ಲಿ ಉಸಿರಾಟದ ನೆರವು ನೀಡಬಲ್ಲ ವೈದ್ಯರು, ದಾದಿಯರು, ಮೈ ಬೆಚ್ಚಗಿಡುವ ವಾರ್ಮರುಗಳು ಮತ್ತು ಮೂಗಿನ ಮೂಲಕ ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ಯಂತ್ರಗಳು ಅಲ್ಲಿ ಇವೆಯೇ ಎಂಬುದು ಉಳಿದರ್ಧ. ಆಸ್ಪತ್ರೆಗೆ ಹೋಗಿ ನೇರವಾಗಿ ಕೇಳಿ: ಎಷ್ಟು ವಾರಗಳ ಮಗುವಿನವರೆಗೆ ಇಲ್ಲಿ ನೋಡಿಕೊಳ್ಳುತ್ತೀರಿ? ಮೂರೂ ಮಕ್ಕಳಿಗೆ ಒಟ್ಟಿಗೆ ಹಾಸಿಗೆ ಸಿಗುತ್ತದೆಯೇ? ವೆಂಟಿಲೇಟರ್ ಎಷ್ಟಿವೆ? ರಾತ್ರಿ ಮಕ್ಕಳ ವೈದ್ಯರು ಇರುತ್ತಾರೆಯೇ? ಈ ಪ್ರಶ್ನೆಗಳಿಂದ ಬೇಸರಗೊಳ್ಳುವ ಆಸ್ಪತ್ರೆಗೆ ಹೋಗದಿರುವುದೇ ವಾಸಿ.

ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆಯಿದೆ. ಜಿಲ್ಲಾ ಮಟ್ಟದಲ್ಲಿ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ, ಅಂದರೆ ಎಸ್‌ಎನ್‌ಸಿಯು, ಸರ್ಕಾರಿ ವ್ಯವಸ್ಥೆಯ ಭಾಗವಾಗಿರುತ್ತದೆ. 34 ವಾರ ದಾಟಿದ, ಬೇರೆ ತೊಡಕಿಲ್ಲದ ಅವಳಿಗಳ ವಿಷಯವನ್ನು ಮೊದಲು ಅಲ್ಲಿಯೇ ಮಾತಾಡಬಹುದು. ಅದಕ್ಕಿಂತ ಬೇಗ ಹುಟ್ಟುವ ಸಾಧ್ಯತೆಯಿದ್ದರೆ, ತ್ರಿವಳಿಯಾಗಿದ್ದರೆ ಅಥವಾ ಮಾಸು ಹಂಚಿಕೊಂಡ ಅವಳಿಗಳಲ್ಲಿ ಬೆಳವಣಿಗೆಯ ವ್ಯತ್ಯಾಸ ಕಂಡಿದ್ದರೆ ಮೈಸೂರು ಅಥವಾ ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಹೆಸರು ನೋಂದಾಯಿಸಿರಬೇಕು. ಸರ್ಕಾರಿ ಆಸ್ಪತ್ರೆ ಬಯಸುವವರಿಗೆ ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆ, ಮಂಗಳೂರಿನಲ್ಲಿ ಲೇಡಿ ಗೋಷನ್ ಆಸ್ಪತ್ರೆ ಇವೆ. ಖಾಸಗಿಯಲ್ಲಿ ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದ ವೆಚ್ಚ, ಪ್ರತಿ ಶಿಶುವಿಗೂ ಬೇರೆ ಬೇರೆಯಾಗಿ ದಿನದಿನಕ್ಕೂ ಏರುವುದರಿಂದ, ವಿಮೆ ಇದ್ದವರು ಹುಟ್ಟಿದ ದಿನದಿಂದಲೇ ಶಿಶುಗಳಿಗೆ ರಕ್ಷಣೆ ಇದೆಯೇ ಎಂದು ಈಗಲೇ ಓದಿಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಒಂದು ವರ್ಷದೊಳಗಿನ ಕಾಯಿಲೆಯ ಶಿಶುಗಳಿಗೆ ಚಿಕಿತ್ಸೆ ಉಚಿತ.

ದಾರಿಯ ವಿಷಯಕ್ಕೆ ಬರೋಣ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಮಂಗಳೂರಿಗೆ ಅದಕ್ಕಿಂತ ತುಸು ಹೆಚ್ಚು, ಜೊತೆಗೆ ಸಂಪಾಜೆ ಘಾಟಿ. 2018ರ ಆಗಸ್ಟ್ ತಿಂಗಳ ಭೂಕುಸಿತದಲ್ಲಿ ಆ ಹೆದ್ದಾರಿಯೇ ಜರಿದು ವಾರಗಟ್ಟಲೆ ಮುಚ್ಚಿದ್ದನ್ನು ಇಲ್ಲಿಯವರಿಗೆ ನೆನಪಿಸಬೇಕಿಲ್ಲ. ಹೆರಿಗೆಯ ದಿನಗಳು ಜೂನ್‌ನಿಂದ ಸೆಪ್ಟೆಂಬರ್ ನಡುವೆ ಬೀಳುವುದಾದರೆ ಘಾಟಿಯ ದಾರಿಯನ್ನು ನಂಬದೆ ಕುಶಾಲನಗರ ಅಥವಾ ಗೋಣಿಕೊಪ್ಪಲು, ಹುಣಸೂರು ಮಾರ್ಗವಾಗಿ ಮೈಸೂರು ತಲುಪುವ ಯೋಜನೆ ಮಾಡಿಕೊಳ್ಳುವುದು ಹೆಚ್ಚು ಸುರಕ್ಷಿತ. ಕುಟ್ಟದ ಕಡೆಯವರು ನಾಗರಹೊಳೆ ಕಾಡಿನೊಳಗಿನ ದಾರಿ ರಾತ್ರಿ ಮುಚ್ಚಿರುವುದನ್ನು ಗಮನದಲ್ಲಿಡಬೇಕು. ಭಾಗಮಂಡಲ, ನಾಪೋಕ್ಲು, ಬಿರುನಾಣಿಯಂಥ ಕಡೆ ತೋಟದ ನಡುವಿನ ಮನೆಗಳಲ್ಲಿರುವವರಿಗೆ ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ನಿಲ್ಲುವುದೂ, ಹೊಳೆ ಉಕ್ಕುವುದೂ, ಮೊಬೈಲ್ ಸಿಗ್ನಲ್ ಹೋಗುವುದೂ ಒಟ್ಟಿಗೇ ಆಗುವ ಸಂಗತಿಗಳು. ಅಂಥವರು, ತ್ರಿವಳಿಯಾದರೆ 28ನೇ ವಾರದಿಂದ, ಅವಳಿಯಾದರೆ 32ನೇ ವಾರದ ಹೊತ್ತಿಗೆ, ಆಸ್ಪತ್ರೆಯ ಹತ್ತಿರದ ನೆಂಟರ ಮನೆಯಲ್ಲೋ ಬಾಡಿಗೆ ಕೋಣೆಯಲ್ಲೋ ತಂಗುವುದನ್ನು ಗಂಭೀರವಾಗಿ ಯೋಚಿಸಬೇಕು. ಕಾಫಿ ಕೊಯ್ಲಿನ ಹೊತ್ತಿನಲ್ಲಿ ಮನೆ ಬಿಟ್ಟಿರುವುದು ಕಷ್ಟ ಎಂಬ ಮಾತು ನ್ಯಾಯವಾದದ್ದೇ; ಆದರೂ ತಾಯಿಯೊಬ್ಬಳು ಒಬ್ಬ ಜೊತೆಗಾತಿಯೊಂದಿಗೆ ಮುಂಚಿತವಾಗಿ ಹೋಗಿರಬಹುದು, ಉಳಿದವರು ಕೊಯ್ಲು ನೋಡಿಕೊಳ್ಳಬಹುದು.

ಇಷ್ಟೆಲ್ಲ ಒತ್ತಿ ಹೇಳಲು ಕಾರಣವಿದೆ. ಹುಟ್ಟಿದ ಮೇಲೆ 1,300 ಗ್ರಾಂನ ಶಿಶುವನ್ನು ಆಂಬುಲೆನ್ಸಿನಲ್ಲಿ ತಿರುವುಗಳ ದಾರಿಯಲ್ಲಿ ಒಯ್ಯುವುದಕ್ಕೂ, ಹೊಟ್ಟೆಯೊಳಗಿರುವಾಗಲೇ ತಾಯಿಯನ್ನು ಸಾಗಿಸುವುದಕ್ಕೂ ಅಜಗಜಾಂತರವಿದೆ. ಮೂರು ಶಿಶುಗಳಾದರೆ ಮೂರು ಆಮ್ಲಜನಕದ ಕೊಳವೆ, ಮೂರು ಕಡೆ ಬೆಚ್ಚಗಿಡುವ ವ್ಯವಸ್ಥೆ ಬೇಕು, ಒಂದೇ ಆಂಬುಲೆನ್ಸಿನಲ್ಲಿ ಅದು ಸಾಧ್ಯವೂ ಆಗದು.

ನಾಲ್ಕನೆಯ ಹೆಜ್ಜೆ: ಬೇಗ ನೋವು ಬಂದರೆ

ಹೊಟ್ಟೆ ಆಗಾಗ ಬಿಗಿಯುವುದು, ಸೊಂಟನೋವು ಅಲೆಯಂತೆ ಬಂದುಹೋಗುವುದು, ನೀರು ಅಥವಾ ರಕ್ತ ಹೋಗುವುದು, ಕೆಳಹೊಟ್ಟೆ ಜಗ್ಗಿದಂತಾಗುವುದು: ಇವುಗಳಲ್ಲಿ ಯಾವುದಾದರೂ ಕಂಡರೆ ಕಷಾಯ ಕುಡಿಸಿ ಬೆಳಗಿನವರೆಗೆ ಕಾಯಬಾರದು. ತಲೆನೋವು, ಕಣ್ಣು ಮಂಜಾಗುವುದು, ಮುಖ ಊದಿಕೊಳ್ಳುವುದು ರಕ್ತದೊತ್ತಡ ಏರಿದ್ದರ ಸೂಚನೆ. ಅವಳಿ ಗರ್ಭದಲ್ಲಿ ಇದು ಹೆಚ್ಚು. 108ಕ್ಕೆ ಕರೆ ಮಾಡಿ, ಅದರ ಜೊತೆಗೆ ನೋಂದಾಯಿಸಿದ ಆಸ್ಪತ್ರೆಗೂ ಮುಂಚಿತವಾಗಿ ತಿಳಿಸಿ.

ದೂರದ ಆಸ್ಪತ್ರೆಗೆ ಹೊರಡುವ ಮೊದಲು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಒಂದು ವಿಷಯ ಕೇಳಬೇಕು. 24ರಿಂದ 34 ವಾರಗಳ ನಡುವೆ ಹೆರಿಗೆ ನೋವು ಬಂದ ತಾಯಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದನ್ನು 6 ಮಿಲಿಗ್ರಾಂನಂತೆ 12 ಗಂಟೆಗೊಮ್ಮೆ ನಾಲ್ಕು ಬಾರಿ ಕೊಡಲಾಗುತ್ತದೆ. ಅದು ಶಿಶುಗಳ ಶ್ವಾಸಕೋಶವನ್ನು ಬಲಿಯಿಸಿ ಉಸಿರಾಟದ ತೊಂದರೆಯನ್ನೂ ಮೆದುಳಿನ ರಕ್ತಸ್ರಾವವನ್ನೂ ತಗ್ಗಿಸುತ್ತದೆ. ಮೊದಲ ಡೋಸನ್ನು ಕೊಟ್ಟೇ ಮುಂದಕ್ಕೆ ಕಳುಹಿಸಲು ಸರ್ಕಾರಿ ಮಾರ್ಗಸೂಚಿಯಲ್ಲಿ ಅವಕಾಶವಿದೆ. ಅಗ್ಗದ ಈ ಮದ್ದಿನಿಂದ ಆಗುವಷ್ಟು ಉಪಕಾರ ಆಮೇಲೆ ಬಳಸುವ ದುಬಾರಿ ಯಂತ್ರಗಳಿಂದಲೂ ಆಗುವುದು ಅಪರೂಪ.

ಐದನೆಯ ಹೆಜ್ಜೆ: ಘಟಕದೊಳಗಿನ ದಿನಗಳು

ಹುಟ್ಟಿದ ಕ್ಷಣದಿಂದಲೇ ಶಿಶುಗಳ ಕೈಪಟ್ಟಿಯಲ್ಲಿ ಮೊದಲನೆಯದು, ಎರಡನೆಯದು ಎಂಬ ಗುರುತು ಇರಬೇಕು. ಪ್ರತಿ ಶಿಶುವಿಗೂ ಬೇರೆ ಕಡತ, ಬೇರೆ ಸಂಖ್ಯೆ. ವೈದ್ಯರೊಡನೆ ಮಾತಾಡುವಾಗಲೂ ಒಂದೊಂದೇ ಮಗುವಿನ ವಿಷಯ ಕೇಳಿ. ಅವಳಿಗಳಲ್ಲಿ ಒಂದು ಸಿಪ್ಯಾಪ್ ಇಲ್ಲದೆ ಉಸಿರಾಡುತ್ತಿರುವಾಗ ಇನ್ನೊಂದು ವೆಂಟಿಲೇಟರಿನಲ್ಲಿರುವುದು ಸಾಮಾನ್ಯ, ಒಂದು ಮನೆಗೆ ಬಂದ ಎರಡು ವಾರಗಳ ಬಳಿಕ ಇನ್ನೊಂದು ಬರುವುದೂ ಉಂಟು. ಅಂಥ ಹೊತ್ತಿನಲ್ಲಿ ಯಾವುದೋ ಒಂದನ್ನು ಗಟ್ಟಿ, ಇನ್ನೊಂದನ್ನು ಬಡಕಲು ಎಂದು ಹೆಸರಿಟ್ಟು ಕರೆಯುವ ಅಭ್ಯಾಸವನ್ನು ಮನೆಯವರು ಬಿಡಬೇಕು.

ಆರಂಭದ ದಿನಗಳಲ್ಲಿ ವೈದ್ಯರು ಗಮನಿಸುವುದು ಮುಖ್ಯವಾಗಿ ಉಸಿರಾಟ, ಮೈಬಿಸಿ, ರಕ್ತದ ಸಕ್ಕರೆ, ಸೋಂಕು ಮತ್ತು ಕಾಮಾಲೆಯನ್ನು. ಮೈಬಿಸಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಹುಟ್ಟಿದ ಮೊದಲ ವಾರದಲ್ಲಿ ತೂಕ ಇಳಿಯುವುದು ಸಹಜ. ಸುಮಾರು ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಹುಟ್ಟುತೂಕಕ್ಕೆ ಮರಳುತ್ತದೆ.

ಹಾಲಿನ ವಿಷಯದಲ್ಲಿ ತಾಯಿ ಮಾಡಬಹುದಾದದ್ದು ಬಹಳವಿದೆ. ಹೀರುವುದು, ನುಂಗುವುದು, ಉಸಿರಾಡುವುದು, ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಶಿಶುವಿಗೆ ಬರುವುದು 34 ವಾರಗಳ ಸುಮಾರಿಗೆ. ಅದಕ್ಕೆ ಮೊದಲು ಹುಟ್ಟಿದವುಗಳಿಗೆ ಕೊಳವೆಯಿಂದಲೋ ಒಳಲೆಯಿಂದಲೋ ಹಾಲು ಕೊಡುತ್ತಾರೆ. ಮಗು ಮೊಲೆ ಹಿಡಿಯುತ್ತಿಲ್ಲ ಎಂದು ಹಾಲು ಹಿಂಡುವುದನ್ನು ಮುಂದೂಡಿದರೆ ಹಾಲು ಬತ್ತುತ್ತದೆ. ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಶುರುಮಾಡಿ, ರಾತ್ರಿಯೂ ಸೇರಿದಂತೆ ದಿನಕ್ಕೆ ಎಂಟರಿಂದ ಹತ್ತು ಬಾರಿ ಕೈಯಿಂದಲೋ ಪಂಪಿನಿಂದಲೋ ಹಿಂಡಬೇಕು. ಮೊದಲ ದಿನ ಬರುವ ಕೆಲವೇ ಹನಿಗಳೂ ಔಷಧವೇ ಸರಿ. ತಾಯಿಯ ಹಾಲು ಕುಡಿದ ಅವಧಿಪೂರ್ವ ಶಿಶುಗಳಲ್ಲಿ ಕರುಳು ಕೊಳೆಯುವ ಮಾರಕ ಕಾಯಿಲೆ ಕಡಿಮೆ. ಇಬ್ಬರಿಗೆ ಒಬ್ಬಳ ಹಾಲು ಸಾಲುವುದೇ ಎಂಬ ಅಜ್ಜಿಯರ ಸಂದೇಹಕ್ಕೆ ಉತ್ತರವೆಂದರೆ, ಹಿಂಡಿದಷ್ಟೂ ಕುಡಿಸಿದಷ್ಟೂ ಹಾಲು ಊರುತ್ತದೆ, ಹೆಚ್ಚಿನ ಅವಳಿ ತಾಯಂದಿರಿಗೆ ಸಾಲುತ್ತದೆ. ತ್ರಿವಳಿಗೆ ಸಾಲದೇ ಹೋದರೆ ದಾನಿಗಳ ಹಾಲಿನ ಬ್ಯಾಂಕ್ ಇದೆಯೇ ಎಂದು ಕೇಳಬಹುದು, ಇಲ್ಲವಾದರೆ ವೈದ್ಯರು ಹೇಳಿದ ಪುಡಿಹಾಲನ್ನು ಪೂರಕವಾಗಿ ಕೊಡಬಹುದು. ಅದಕ್ಕಾಗಿ ತಾಯಿಯನ್ನು ಯಾರೂ ಹೀಗಳೆಯಬಾರದು.

ಆರನೆಯ ಹೆಜ್ಜೆ: ಕಾಂಗರೂ ಆರೈಕೆ

ಅಂಗಿಯಿಲ್ಲದ ಶಿಶುವನ್ನು ಟೋಪಿ, ಕಾಲುಚೀಲ, ಡಯಾಪರ್ ಮಾತ್ರ ತೊಡಿಸಿ ದೊಡ್ಡವರ ಬರಿಯ ಎದೆಗೆ ನೆಟ್ಟಗೆ ಆನಿಸಿ, ಮೇಲಿಂದ ಬಟ್ಟೆ ಕಟ್ಟಿಕೊಳ್ಳುವ ಈ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆ 2022ರ ಶಿಫಾರಸಿನಲ್ಲಿ ದಿನಕ್ಕೆ 8ರಿಂದ 24 ಗಂಟೆಗಳವರೆಗೆ ಮಾಡಬೇಕೆಂದು ಹೇಳಿದೆ. ಚಳಿಯ ಊರಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಕರೆಂಟ್ ಹೋದರೂ ಆರದ ಬಿಸಿ ಇದು. ಅವಳಿಗಳಿಬ್ಬರನ್ನೂ ತಾಯಿಯೇ ಎದೆಯ ಎರಡು ಬದಿಗೆ ಆನಿಸಿಕೊಳ್ಳಬಹುದು, ಅಥವಾ ಒಂದನ್ನು ತಂದೆ, ಇನ್ನೊಂದನ್ನು ಅಜ್ಜಿ ಎತ್ತಿಕೊಳ್ಳಬಹುದು. ಗಂಡಸರು ನಾಚಿಕೊಳ್ಳುವುದುಂಟು, ಒಮ್ಮೆ ಕೂತರೆ ನಾಚಿಕೆ ಹೋಗುತ್ತದೆ. ಶಿಶುವಿನ ಮೂಗು, ಬಾಯಿ ಮುಚ್ಚಿಹೋಗದಂತೆ ಮುಖ ಒಂದು ಬದಿಗೆ ತಿರುಗಿರಬೇಕು, ಎತ್ತಿಕೊಂಡವರು ಎಚ್ಚರವಿರಬೇಕು. ಕೆಮ್ಮು, ಜ್ವರ, ಚರ್ಮದ ಸೋಂಕು ಇರುವವರು ಮತ್ತು ಬೀಡಿ, ಸಿಗರೇಟು ಸೇದುವವರು ಆ ಕೆಲಸಕ್ಕೆ ಬೇಡ.

ಏಳನೆಯ ಹೆಜ್ಜೆ: ಮನೆಗೆ ಹೊರಡುವ ಮುನ್ನ ಕೇಳಬೇಕಾದ ತಪಾಸಣೆಗಳು

ತೂಕ ಸತತವಾಗಿ ಏರುತ್ತಾ ಸುಮಾರು 1,800 ಗ್ರಾಂ ಮುಟ್ಟಿ, ಉಸಿರು ನಡುವೆ ನಿಲ್ಲದೆ, ಬಾಯಿಂದಲೇ ಹಾಲು ಕುಡಿಯುತ್ತಾ, ವಾರ್ಮರಿನ ಹೊರಗೂ ಮೈಬಿಸಿ ಕಾಯ್ದುಕೊಂಡರೆ ಸಾಮಾನ್ಯವಾಗಿ ಬಿಡುಗಡೆ ಮಾಡುತ್ತಾರೆ. ಹೊರಡುವ ಸಂಭ್ರಮದಲ್ಲಿ ತಪ್ಪಿಹೋಗುವ ತಪಾಸಣೆಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕಣ್ಣಿನದು. ಅವಧಿಗೆ ಬಹಳ ಮುನ್ನ ಹುಟ್ಟಿದ ಶಿಶುವಿನ ಅಕ್ಷಿಪಟಲದ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕುರುಡುತನ ತರಬಹುದು. ಹೊರಗಿನಿಂದ ನೋಡಿದರೆ ಕಣ್ಣು ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ 34 ವಾರಗಳೊಳಗೆ ಅಥವಾ 2,000 ಗ್ರಾಂಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಪ್ರತಿ ಶಿಶುವಿನ ಕಣ್ಣನ್ನೂ ಹುಟ್ಟಿದ 30 ದಿನಗಳೊಳಗೆ ತಜ್ಞರು ನೋಡಬೇಕು. 28 ವಾರಗಳೊಳಗೆ ಅಥವಾ 1,200 ಗ್ರಾಂಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ್ದರೆ ಎರಡು, ಮೂರು ವಾರಕ್ಕೇ. ಸಕಾಲಕ್ಕೆ ಲೇಸರ್ ಅಥವಾ ಚುಚ್ಚುಮದ್ದು ನೀಡಿದರೆ ದೃಷ್ಟಿ ಉಳಿಯುತ್ತದೆ. ಕರ್ನಾಟಕದಲ್ಲಿ 2008ರಿಂದ ನಡೆಯುತ್ತಿರುವ ಕಿಡ್‌ರಾಪ್ ಕಾರ್ಯಕ್ರಮ ಜಿಲ್ಲೆಗಳ ಶಿಶುಗಳ ಕಣ್ಣಿನ ಚಿತ್ರ ತೆಗೆದು ದೂರದ ತಜ್ಞರಿಗೆ ತೋರಿಸುವ ದಾರಿ ಮಾಡಿಕೊಟ್ಟಿದೆ. ಒಂದು ಶಿಶುವಿನ ಕಣ್ಣು ಸರಿಯಿದೆ ಎಂದರೆ ಇನ್ನೊಂದರದ್ದೂ ಸರಿಯಿದೆ ಎಂದಲ್ಲ.

ಕಿವಿಯ ಪರೀಕ್ಷೆ ಒಂದು ತಿಂಗಳೊಳಗೆ ಆಗಬೇಕು. ಥೈರಾಯ್ಡ್ ಪರೀಕ್ಷೆಯನ್ನು ಅವಧಿಪೂರ್ವ ಶಿಶುಗಳಲ್ಲಿ ಎರಡರಿಂದ ನಾಲ್ಕು ವಾರಗಳಲ್ಲಿ ಮತ್ತೊಮ್ಮೆ ಮಾಡಿಸಬೇಕು. ಮಾಸು ಹಂಚಿಕೊಂಡ ಅವಳಿಗಳಲ್ಲಿ ಒಂದರ ರಕ್ತ ಇನ್ನೊಂದಕ್ಕೆ ಸೇರಿ ಮೊದಲ ಪರೀಕ್ಷೆಯಲ್ಲಿ ಕೊರತೆ ಮರೆಯಾಗಿರಬಹುದು. 32 ವಾರಗಳೊಳಗೆ ಹುಟ್ಟಿದ್ದರೆ ತಲೆಯ ಸ್ಕ್ಯಾನಿಂಗ್ ಆಗಿದೆಯೇ ಎಂದು ಕೇಳಿ. ವಿಟಮಿನ್ ಡಿ ಹನಿ ಮತ್ತು ಕಬ್ಬಿಣಾಂಶದ ಹನಿಗಳ ಪ್ರಮಾಣವನ್ನು ಪ್ರತಿ ಮಗುವಿನ ತೂಕಕ್ಕೆ ತಕ್ಕಂತೆ ಬೇರೆ ಬೇರೆಯಾಗಿ ಬರೆಸಿಕೊಳ್ಳಬೇಕು.

ಎಂಟನೆಯ ಹೆಜ್ಜೆ: ಮಳೆಯ ಊರಿನ ಮನೆಯಲ್ಲಿ

ಶಿಶುಗಳ ಕೋಣೆ ಬೆಚ್ಚಗಿರಬೇಕು, ಆದರೆ ಹೊಗೆಯಿಂದಲ್ಲ. ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಕೆಂಡವನ್ನು ಒಳಗೆ ತರುವುದು, ಸ್ನಾನದ ಬಳಿಕ ಧೂಪ, ಸಾಂಬ್ರಾಣಿ ಹಿಡಿಯುವುದು ನಮ್ಮ ಬಾಣಂತನದ ರೂಢಿ. ಬೇಗ ಹುಟ್ಟಿದ ಶಿಶುವಿನ ಶ್ವಾಸಕೋಶಕ್ಕೆ ಅದು ಆಗದು. ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟರೆ ವಿಷಾನಿಲದ ಅಪಾಯ ತಾಯಿಗೂ ಇದೆ. ಬಟ್ಟೆಯನ್ನು ಬೇರೆ ಕೋಣೆಯಲ್ಲಿ ಒಣಗಿಸಿ, ಇಸ್ತ್ರಿ ಹಾಕಿ ತನ್ನಿ. ತೂಕ 2,000 ಗ್ರಾಂ ದಾಟಿ ಹೊಕ್ಕುಳು ಬೀಳುವವರೆಗೆ ಎಣ್ಣೆನೀರಿನ ಸ್ನಾನ ಬೇಡ, ಬೆಚ್ಚನೆಯ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು. ಬಜೆ ತೇಯ್ದು ನೆಕ್ಕಿಸುವುದು, ಜೇನು, ಗ್ರೈಪ್ ವಾಟರ್, ಕಣ್ಣಿಗೆ ಕಾಡಿಗೆ, ಇವು ಯಾವುವೂ ಬೇಡ. ಕೊಡಗಿನ ಜೇನು ಎಷ್ಟೇ ಶುದ್ಧವಾಗಿರಲಿ, ಒಂದು ವರ್ಷದೊಳಗಿನ ಮಕ್ಕಳಿಗೆ ಅಲ್ಲ.

ಎರಡು ಗಂಟೆಗೊಮ್ಮೆ ಹಾಲು, ರಾತ್ರಿಯೂ ಮೂರು ಗಂಟೆ ಮೀರದಂತೆ. ಸಣ್ಣ ಶಿಶುಗಳು ಹಸಿವಾದರೂ ಅಳದೆ ನಿದ್ದೆಹೋಗುತ್ತವೆ, ಅಳಲಿ ಎಂದು ಕಾಯಬಾರದು. ಯಾರಿಗೆ ಯಾವಾಗ ಹಾಲು, ಮದ್ದು ಕೊಟ್ಟಿರಿ, ಯಾರು ಮೂತ್ರ ಮಾಡಿತು ಎಂಬುದನ್ನು ಒಂದು ಪುಸ್ತಕದಲ್ಲಿ ಮಗುವಿಗೊಂದು ಪುಟದಂತೆ ಬರೆಯಿರಿ. ಒಂದೇ ರೂಪದ ಅವಳಿಗಳಾದರೆ ಆಸ್ಪತ್ರೆಯ ಪಟ್ಟಿ ತೆಗೆಯುವ ಮೊದಲು ಒಂದರ ಕಾಲಿನ ಉಗುರಿಗೆ ಬಣ್ಣ ಹಚ್ಚುವುದು ಒಳ್ಳೆಯದು. ನಿದ್ದೆಗಣ್ಣಿನಲ್ಲಿ ಒಬ್ಬರಿಗೇ ಎರಡು ಬಾರಿ ಮದ್ದು ಹೋಗುವುದು ಕಥೆಯಲ್ಲ. ಮಲಗಿಸುವಾಗ ಪ್ರತಿ ಶಿಶುವನ್ನೂ ಬೇರೆ ಬೇರೆಯಾಗಿ, ಬೆನ್ನಿನ ಮೇಲೆ, ದಿಂಬಿಲ್ಲದ ಗಟ್ಟಿ ಹಾಸಿಗೆಯಲ್ಲಿ ಮಲಗಿಸಬೇಕು.

ಮಗು ನೋಡಲು ಬರುವವರ ವಿಷಯದಲ್ಲಿ ಮನೆಯ ಹಿರಿಯರೊಬ್ಬರು ನಿಷ್ಠುರವಾಗಬೇಕು. ಪುತ್ತರಿಗೋ ಕೈಲ್ ಮುಹೂರ್ತಕ್ಕೋ ಊರೆಲ್ಲ ಸೇರಿದಾಗ ಶಿಶುಗಳು ಕೈಯಿಂದ ಕೈಗೆ ಹೋಗುವುದು ಬೇಡ. ಬಂದವರು ಸೋಪಿನಿಂದ ಕೈತೊಳೆದು ದೂರದಿಂದ ನೋಡಿ ಹರಸಲಿ.

ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನಗಳಂದು ಮನೆಗೆ ಬರುತ್ತಾರೆ. ಪ್ರತಿ ಶಿಶುವನ್ನೂ ತೂಗಿಸಿ, ಬರೆಸಿಕೊಳ್ಳಿ. ತೋಟದ ಲೈನ್‌ಮನೆಗಳಲ್ಲಿರುವವರು ಬೇರೆ ಊರಿನಿಂದ ಬಂದವರಾದರೂ ಈ ಸೇವೆಗೆ ಹಕ್ಕುಳ್ಳವರು.

ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕಾದ ಲಕ್ಷಣಗಳು

ಹಾಲು ಕುಡಿಯದಿರುವುದು ಅಥವಾ ಹೀರುವ ಬಲ ಕುಗ್ಗುವುದು, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಉಸಿರು, ಎದೆಗೂಡು ಒಳಕ್ಕೆ ಸೆಳೆಯುವುದು, ಉಸಿರು ನಿಂತು ತುಟಿ ನೀಲಿಯಾಗುವುದು, ಸೆಳೆತ, ಮೈ ತಣ್ಣಗಾಗುವುದು ಅಥವಾ ಜ್ವರ, ಮುಟ್ಟಿದರೂ ಅಲುಗದೆ ಜಡವಾಗಿರುವುದು, ಅಂಗೈ, ಅಂಗಾಲಿನವರೆಗೆ ಹಳದಿ, ಹಸಿರು ವಾಂತಿ, ಹೊಟ್ಟೆ ಉಬ್ಬರ. ಕಾಮಾಲೆಗೆ ಬಿಸಿಲು ತೋರಿಸುವುದು ಮದ್ದಲ್ಲ, ಆಟಿಯ ಮಳೆ ತಿಂಗಳಲ್ಲಿ ನಮಗೆ ಬಿಸಿಲೂ ಸಿಗುವುದಿಲ್ಲ. ರಕ್ತ ಪರೀಕ್ಷೆ, ಬೇಕಾದರೆ ನೀಲಿ ದೀಪದ ಚಿಕಿತ್ಸೆ, ಇದೇ ದಾರಿ. ದಾರಿಯುದ್ದಕ್ಕೂ ಶಿಶುವನ್ನು ಎದೆಗಾನಿಸಿಕೊಂಡೇ ಒಯ್ಯಿರಿ. ಒಂದು ಮಗುವಿಗೆ ಸೋಂಕು ಎಂದಾದರೆ ಇನ್ನೊಂದನ್ನೂ ಅಂದೇ ತೋರಿಸಿ.

ತಾಯಿಯ ಕಡೆಗೂ ಒಂದು ಕಣ್ಣು

ವರ್ಷಗಟ್ಟಲೆ ಕಾದು, ಸಾಲ ಮಾಡಿ, ಚುಚ್ಚುಮದ್ದು ತಿಂದು ಪಡೆದ ಮಕ್ಕಳಾದ್ದರಿಂದ ತಾಯಿ ಸಂತೋಷವಾಗಿಯೇ ಇರಬೇಕೆಂದು ಸುತ್ತಲಿನವರು ನಿರೀಕ್ಷಿಸುತ್ತಾರೆ. ದಣಿವು, ಅಳು ಬಂದರೆ ಹೇಳಿಕೊಳ್ಳಲು ಆಕೆಗೇ ಸಂಕೋಚ. ಎರಡು ವಾರ ಮೀರಿಯೂ ಮನಸ್ಸು ಕುಸಿದೇ ಇದ್ದರೆ, ಮಕ್ಕಳು ಮಲಗಿದರೂ ನಿದ್ದೆ ಬಾರದಿದ್ದರೆ ವೈದ್ಯರಿಗೆ ತಿಳಿಸಬೇಕು. ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು. ರಾತ್ರಿಯ ಒಂದು ಸರದಿಯನ್ನು ಹಿಂಡಿಟ್ಟ ಹಾಲಿನಿಂದ ತಂದೆ ನಿಭಾಯಿಸಿ, ಆಕೆಗೆ ಮೂರು, ನಾಲ್ಕು ಗಂಟೆ ಒಟ್ಟಾಗಿ ನಿದ್ದೆ ಸಿಗುವಂತೆ ಮಾಡುವುದು ಯಾವ ಲೇಹ್ಯಕ್ಕಿಂತಲೂ ಮೇಲು.

ಕೊನೆಯ ಹೆಜ್ಜೆ: ಎರಡು ವಯಸ್ಸುಗಳ ಲೆಕ್ಕ

ಲಸಿಕೆಗೆ ಹುಟ್ಟಿದ ದಿನದಿಂದಲೇ ಲೆಕ್ಕ. ಮಗು ಸಣ್ಣದೆಂದು 6, 10, 14ನೇ ವಾರದ ಲಸಿಕೆಗಳನ್ನು ಮುಂದೂಡಬಾರದು. ಬೆಳವಣಿಗೆಗೆ ಮಾತ್ರ ದಿನ ತುಂಬಬೇಕಾಗಿದ್ದ ತಾರೀಕಿನಿಂದ ಲೆಕ್ಕ. 32 ವಾರಕ್ಕೆ ಹುಟ್ಟಿದ ಮಗು ಎಂಟು ವಾರ ಬೇಗ ಬಂದಿದೆ. ಆದ್ದರಿಂದ ನಾಲ್ಕು ತಿಂಗಳಾದಾಗ ಅದು ನಗುವುದು, ಕತ್ತು ನಿಲ್ಲಿಸುವುದು ಎರಡು ತಿಂಗಳ ಮಗುವಿನಂತೆ ಇದ್ದರೆ ಅದು ಹಿಂದುಳಿದಿದೆ ಎಂದರ್ಥವಲ್ಲ. ಈ ತಿದ್ದಿದ ವಯಸ್ಸನ್ನು ಎರಡು ವರ್ಷದವರೆಗೆ ಬಳಸುತ್ತಾರೆ. ಆ ಲೆಕ್ಕದಲ್ಲೂ ನಾಲ್ಕು ತಿಂಗಳಿಗೆ ಕತ್ತು ನಿಲ್ಲದಿದ್ದರೆ, ಕೈಕಾಲು ಬಿಗಿಯಾಗಿದ್ದರೆ, ಶಬ್ದಕ್ಕೆ ತಿರುಗದಿದ್ದರೆ ಕಾಯದೆ ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ತಪಾಸಣೆಯೂ ಮುಂದಿನ ಚಿಕಿತ್ಸೆಯೂ ಉಚಿತ. ಪ್ರತಿ ಭೇಟಿಗೂ ಎರಡೂ ಮಕ್ಕಳ ಬಿಡುಗಡೆ ಪತ್ರಗಳನ್ನು ಬೇರೆ ಬೇರೆ ಕಡತಗಳಲ್ಲಿ ಒಯ್ಯಿರಿ, ಅದರ ಮೊದಲ ಪುಟದಲ್ಲಿ ಹುಟ್ಟಿದ ವಾರ, ಹುಟ್ಟುತೂಕ ಮತ್ತು ದಿನ ತುಂಬಬೇಕಾಗಿದ್ದ ತಾರೀಕು ದೊಡ್ಡ ಅಕ್ಷರದಲ್ಲಿರಲಿ.